ಗೇಲಿ ಮಾಡಿದವನೇ ನಕಲು ಮಾಡಿದ

ನಮ್ಮ ಬಸ್ ಸ್ಟ್ಯಾಂಡಿನ ಎದುರಿಗಿರುವ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ನಿಂತರೆ ಮೂರನೆಯವನು ರಸ್ತೆಯಲ್ಲೇ ನಿಲ್ಲಬೇಕು. ಹೋದ ತಿಂಗಳು ಹಾಗೆ ರಸ್ತೆಯಲ್ಲಿ ನಿಂತ ಮೂರನೆಯವನು ನಾನು. ಫೋನ್ ಕೆಳಗೆ ಬಿದ್ದಿರಲಿಲ್ಲ, ನೀರು ತಾಗಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಪರದೆಯ ಉದ್ದಕ್ಕೂ ದಾರ ಎಳೆದ ಹಾಗೆ ಒಂದು ಹಸಿರು ಗೆರೆ. ಅಂಗಡಿಯ ಹುಡುಗ ಕೈಗೆ ತೆಗೆದುಕೊಳ್ಳುವ ಮೊದಲೇ ‘ಗ್ರೀನ್ ಲೈನ್ ಸಾರ್, ಫೋಲ್ಡರೇ ಹಾಕ್ಬೇಕು’ ಅಂದ. ಫೋಲ್ಡರ್ ಎಂದರೆ ಅವರ ಬಾಯಲ್ಲಿ ಗಾಜು, ಟಚ್, ಡಿಸ್‌ಪ್ಲೇ ಮೂರೂ ಅಂಟಿಕೊಂಡು ಒಂದೇ ಆಗಿರುವ ತುಂಡು. ಅದರ ಬೆಲೆ ಕೇಳಿ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅವನು ಫೋನನ್ನು ಬಿಸಿ ಪ್ಲೇಟಿನ ಮೇಲಿಟ್ಟ. ಅಂಟು ಮೆತ್ತಗಾದ ಮೇಲೆ ತೆಳು ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಅಂಚಿಗೆ ತೂರಿಸಿ, ಕಾವಲಿಯಿಂದ ದೋಸೆ ಎಬ್ಬಿಸುವ ಹಾಗೆ ಸುತ್ತಲೂ ನಿಧಾನಕ್ಕೆ ಬಿಡಿಸಿದ. ಒಳಗೆ ಮುಕ್ಕಾಲು ಭಾಗ ಬ್ಯಾಟರಿ, ಮೇಲುಗಡೆ ಬೆರಳಗಲದ ಬೋರ್ಡು, ಅದರ ಪಕ್ಕ ಕ್ಯಾಮೆರಾ. ಚಿಮುಟದ ತುದಿಯಲ್ಲಿ ಒಂದೊಂದನ್ನೇ ಮುಟ್ಟಿ ತೋರಿಸಿದ. ‘ಕ್ಯಾಮೆರಾ ಒಬ್ರುದು, ಚಿಪ್ಪು ಇನ್ನೊಬ್ರುದು, ಡಿಸ್‌ಪ್ಲೇ ಮತ್ತೊಬ್ರುದು. ಇವ್ರುದು ಏನಿದ್ರೂ ಹೆಸ್ರು ಸಾರ್.’

ಹುಡುಗ ಕೆಲಸದ ನಡುವೆ ಸುಮ್ಮನೆ ಆಡಿದ ಮಾತು. ಆದರೆ ಈ ಫೋನ್ ಕಂಪನಿಗಳ ಪೈಪೋಟಿಯ ಬಗ್ಗೆ ನಾನು ಓದಿದ ಎಷ್ಟೋ ವಿಶ್ಲೇಷಣೆಗಳಿಗಿಂತ ಅದು ನೇರವಾಗಿತ್ತು. ಜಾಹೀರಾತಿನಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ಫೋನಿನ ಹೊಟ್ಟೆಯೊಳಗೆ ಅಕ್ಕಪಕ್ಕ ಮಲಗಿರುತ್ತಾರೆ.

ಆಪಲ್ ಮತ್ತು ಸ್ಯಾಮ್‌ಸಂಗ್ ವ್ಯಾಜ್ಯವನ್ನೇ ನೋಡಿ. 2011ರ ಏಪ್ರಿಲ್‌ನಲ್ಲಿ ಆಪಲ್ ಕಂಪನಿ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ದಾವೆ ಹೂಡಿತು. ನಮ್ಮ ಐಫೋನ್, ಐಪ್ಯಾಡ್‌ಗಳ ರೂಪವನ್ನೇ ಸ್ಯಾಮ್‌ಸಂಗ್ ಕದ್ದಿದೆ ಎನ್ನುವುದು ದೂರು. ಅದರಲ್ಲಿದ್ದ ಒಂದು ಪೇಟೆಂಟ್ ಸ್ಲೇಟಿನಂಥ ಆಯತ ಮತ್ತು ಅದರ ನಾಲ್ಕು ದುಂಡು ಮೂಲೆಗಳ ಕುರಿತಾದದ್ದು. ಸ್ಯಾಮ್‌ಸಂಗ್ ವಕೀಲರು ಅದರ ವಿರುದ್ಧ ಸಾಕ್ಷಿಯಾಗಿ ಒಂದು ಸಿನಿಮಾವನ್ನು ಮುಂದಿಟ್ಟರು. ಸ್ಟ್ಯಾನ್ಲಿ ಕುಬ್ರಿಕ್‌ನ 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಗಗನಯಾತ್ರಿಗಳು ಊಟ ಮಾಡುತ್ತಾ ಮೇಜಿನ ಮೇಲಿನ ಚಪ್ಪಟೆ ಪರದೆಯಲ್ಲಿ ಸುದ್ದಿ ನೋಡುವ ದೃಶ್ಯವಿದೆ, ಹಾಗಿರುವಾಗ ಐಪ್ಯಾಡಿನ ಆಕಾರ ಹೊಸತು ಹೇಗಾಯಿತು ಎಂದು ಅವರ ವಾದ. ಲಂಡನ್ನಿನ ನ್ಯಾಯಾಧೀಶರೊಬ್ಬರು 2012ರಲ್ಲಿ ಇದೇ ಜಗಳದ ಇನ್ನೊಂದು ಕೊಂಬೆಯನ್ನು ವಿಚಾರಿಸಿ, ಸ್ಯಾಮ್‌ಸಂಗ್ ಟ್ಯಾಬ್ಲೆಟ್ ಐಪ್ಯಾಡಿನಷ್ಟು ಸೊಗಸಾಗಿಲ್ಲ, ಹಾಗಾಗಿ ಅದು ನಕಲಲ್ಲ ಎಂದು ತೀರ್ಪಿತ್ತರು. ನಿನ್ನ ಅಡುಗೆ ಅವಳ ಅಡುಗೆಯಷ್ಟು ರುಚಿಯಿಲ್ಲ, ಆದ್ದರಿಂದ ನೀನು ಕದ್ದಿಲ್ಲ ಎಂದ ಹಾಗೆ. ಗೆದ್ದ ಸ್ಯಾಮ್‌ಸಂಗ್ ನಕ್ಕಿತೋ ಅತ್ತಿತೋ ಕಾಣೆ. ಅಮೆರಿಕದಲ್ಲಿ ಮಾತ್ರ 2012ರ ಆಗಸ್ಟ್‌ನಲ್ಲಿ ಜ್ಯೂರಿ ನೂರು ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ಕೊಡಬೇಕೆಂದಿತು. ಆಮೇಲೆ ಮೇಲ್ಮನವಿ, ಸುಪ್ರೀಂ ಕೋರ್ಟು, ಮತ್ತೆ ವಿಚಾರಣೆ. 2018ರ ಜೂನ್‌ನಲ್ಲಿ ಇಬ್ಬರೂ ಷರತ್ತು ಗುಟ್ಟಾಗಿಟ್ಟು ರಾಜಿ ಮಾಡಿಕೊಂಡರು.

ಈ ಏಳು ವರ್ಷ ವ್ಯವಹಾರ ನಿಂತಿತೇ? ಮೊದಲ ಐಫೋನಿನ ಪ್ರೊಸೆಸರ್ ಚಿಪ್ಪನ್ನು ತಯಾರಿಸಿಕೊಟ್ಟದ್ದು ಸ್ಯಾಮ್‌ಸಂಗ್. ಕೋರ್ಟಿನಲ್ಲಿ ಕಾವು ಏರಿದ್ದ 2013ರಲ್ಲೂ ಐಫೋನ್ ಚಿಪ್ಪು ಬಂದದ್ದು ಅವರ ಕಾರ್ಖಾನೆಯಿಂದಲೇ. ಮರುವರ್ಷ ಆ ಕೆಲಸ ತೈವಾನಿನ ಟಿಎಸ್‌ಎಂಸಿಗೆ ಹೋಯಿತು, ನಿಜ. ಆದರೆ 2017ರಲ್ಲಿ ಐಫೋನ್ ಮೊದಲ ಸಲ ಓಎಲ್‌ಇಡಿ ಪರದೆಗೆ ಬದಲಾದಾಗ ಆ ಪರದೆ ಕೊಟ್ಟದ್ದು ಮತ್ತೆ ಸ್ಯಾಮ್‌ಸಂಗ್. ಬದುವಿನ ಜಗಳಕ್ಕೆ ಕಚೇರಿ ಅಲೆಯುವ ದಾಯಾದಿಗಳು ಸಂಜೆ ಒಂದೇ ಬಾವಿಯಿಂದ ನೀರು ಸೇದಿಕೊಂಡ ಹಾಗೆ.

ಗಾಜಿನ ಕಥೆಯೂ ಇದೇ. ಅಮೆರಿಕದ ಕಾರ್ನಿಂಗ್ ಎಂಬ ಹಳೆಯ ಗಾಜಿನ ಕಂಪನಿ 1960ರ ದಶಕದಲ್ಲಿ ಬಹಳ ಗಟ್ಟಿಯಾದೊಂದು ಗಾಜನ್ನು ಮಾಡಿ, ಕೊಳ್ಳುವವರು ಹೆಚ್ಚು ಸಿಗದೆ ಅಟ್ಟಕ್ಕೆ ಹಾಕಿತ್ತು. ಐಫೋನಿನ ಮಾದರಿಯ ಪ್ಲಾಸ್ಟಿಕ್ ಪರದೆಗೆ ಜೇಬಿನ ಕೀಲಿಕೈಗಳಿಂದ ಗೀರು ಬೀಳುವುದನ್ನು ಕಂಡು ಆಪಲ್‌ನ ಸ್ಟೀವ್ ಜಾಬ್ಸ್ ಗಾಜೇ ಬೇಕೆಂದು ಹಟ ಹಿಡಿದು ಅವರ ಬಾಗಿಲು ತಟ್ಟಿದ. 2007ರಲ್ಲಿ ಕೆಲವೇ ತಿಂಗಳಲ್ಲಿ ಕೆಂಟಕಿಯ ಕಾರ್ಖಾನೆಯಿಂದ ಆ ಗಾಜಿನ ಹೊಸ ತಲೆಮಾರು ಹೊರಬಂತು.

ಅದು ಗಟ್ಟಿಯಾಗುವ ಬಗೆ ಸ್ವಾರಸ್ಯವಾಗಿದೆ. ಈ ಗಾಜಿನಲ್ಲಿ ಸೋಡಿಯಂ ಕಣಗಳಿರುತ್ತವೆ. ಆ ಗಾಜನ್ನು ಸುಮಾರು 400 ಡಿಗ್ರಿ ಬಿಸಿಯಲ್ಲಿ ಕರಗಿದ ಪೊಟ್ಯಾಸಿಯಂ ಉಪ್ಪಿನಲ್ಲಿ ಮುಳುಗಿಸಿಡುತ್ತಾರೆ. ಮೇಲ್ಮೈಯಲ್ಲಿನ ಸೋಡಿಯಂ ಕಣ ಹೊರಗೆ ಹೋಗಿ ಅದರ ಜಾಗಕ್ಕೆ ಪೊಟ್ಯಾಸಿಯಂ ಬಂದು ಕೂರುತ್ತದೆ. ಇದು ಗಾತ್ರದಲ್ಲಿ ದೊಡ್ಡದು. ಬಸ್ಸಿನ ಸೀಟಿನಿಂದ ಮೂವರು ಮಕ್ಕಳನ್ನು ಎಬ್ಬಿಸಿ ಮೂವರು ಗಟ್ಟಿ ಆಳುಗಳನ್ನು ಕೂರಿಸಿದರೆ ಹೇಗಿರುತ್ತದೋ ಹಾಗೆ: ಒಬ್ಬರಿಗೊಬ್ಬರು ಒತ್ತಿಕೊಂಡು, ನಡುವೆ ಬೆರಳು ತೂರಿಸಲೂ ಎಡೆಯಿಲ್ಲ. ಬಿರುಕು ಬೆಳೆಯಬೇಕಾದರೆ ಈ ಒತ್ತಡವನ್ನು ಮೀರಿ ಬಾಯಿ ಬಿಡಬೇಕು. ಈ ಗಾಜನ್ನು ಮುಂದೆ ಕಾರ್ನಿಂಗ್ ‘ಗೊರಿಲ್ಲಾ ಗ್ಲಾಸ್’ ಎಂಬ ಹೆಸರಿನಲ್ಲಿ ಸ್ಯಾಮ್‌ಸಂಗ್ ಸೇರಿದಂತೆ ಎಲ್ಲರಿಗೂ ಮಾರಿತು.

ಬೆರಳಿನ ಟಚ್ ಕೂಡ ಆಪಲ್‌ನ ಮನೆಯ ಸ್ವತ್ತಾಗಿರಲಿಲ್ಲ. ಹಳೆಯ ಟಚ್ ಪರದೆಯಲ್ಲಿ ಎರಡು ತೆಳು ಪದರ, ನಡುವೆ ಸಂದು. ಒತ್ತಿದಾಗ ಎರಡೂ ಕೂಡಬೇಕು, ಅದಕ್ಕೇ ಉಗುರು, ಕಡ್ಡಿ ಯಾವುದಾದರೂ ನಡೆಯುತ್ತಿತ್ತು. ಈಗಿನದು ಬೆರಳು ತಾಗಿದಾಗ ಆಗುವ ವಿದ್ಯುತ್ ಬದಲಾವಣೆಯನ್ನು ಗುರುತಿಸುವ ಪರದೆ. ಒತ್ತಬೇಕಿಲ್ಲ, ತಾಗಿದರೆ ಸಾಕು. ಆದರೆ ಒಣ ಉಗುರಿಗೆ ಅದು ಜಗ್ಗುವುದಿಲ್ಲ, ಮಳೆಹನಿ ಬಿದ್ದರೆ ಗಲಿಬಿಲಿಗೊಳ್ಳುತ್ತದೆ, ಚಪಾತಿ ಹಿಟ್ಟಿನ ಕೈಯಲ್ಲಿ ಕರೆ ಎತ್ತಲು ಹೋದರೆ ಮುನಿಸಿಕೊಳ್ಳುತ್ತದೆ. ಈ ಬಗೆಯ ಪರದೆಯ ಪ್ರಾಡಾ ಫೋನನ್ನು ಎಲ್‌ಜಿ ಕಂಪನಿ ಐಫೋನಿಗಿಂತ ತುಸು ಮೊದಲೇ ಪ್ರಕಟಿಸಿತ್ತು. ಅದೇ ಎಲ್‌ಜಿ 2021ರಲ್ಲಿ ಫೋನ್ ವ್ಯಾಪಾರಕ್ಕೇ ಕೈಮುಗಿಯಿತು. ಮೊದಲು ಮಾಡಿದವನಿಗೆ ಫಲ ಸಿಗುತ್ತದೆ ಎಂಬ ಲೆಕ್ಕ ಈ ಸಂತೆಯಲ್ಲಿ ನಡೆಯುವುದಿಲ್ಲ.

ಹಾಗಾದರೆ ಇಲ್ಲಿ ನಡೆಯುವುದು ಏನು? ನನಗೆ ಕಂಡಂತೆ, ಮೊದಲು ಗೇಲಿ. ಆ ಮೇಲೆ ನಕಲು.

ಐಫೋನನ್ನು ಲೋಕಕ್ಕೆ ತೋರಿಸಿದ 2007ರ ವೇದಿಕೆಯಲ್ಲೇ ಜಾಬ್ಸ್, ಬರೆಯುವ ಕಡ್ಡಿ ಯಾರಿಗೆ ಬೇಕು ಎಂದು ಜರೆದಿದ್ದ. 2010ರಲ್ಲಿ, ಕೈಯಲ್ಲಿ ಹಿಡಿಯಲಾಗದಷ್ಟು ದೊಡ್ಡ ಫೋನನ್ನು ಯಾರೂ ಕೊಳ್ಳುವುದಿಲ್ಲ ಎಂದ. ಅದೇ ವರ್ಷ ಸ್ಯಾಮ್‌ಸಂಗ್ ಏಳು ಇಂಚಿನ ಟ್ಯಾಬ್ಲೆಟ್ ತಂದಾಗ, ಅದರ ಜೊತೆ ಬೆರಳು ಉಜ್ಜಿ ಸಣ್ಣ ಮಾಡಿಕೊಳ್ಳಲು ಮರಳು ಕಾಗದವನ್ನೂ ಕೊಡಬೇಕಾಗುತ್ತದೆ ಎಂದು ನಗೆಯಾಡಿದ. ಮಾತು ಚುರುಕಾಗಿತ್ತು, ಒಪ್ಪಬೇಕು. 2011ರಲ್ಲಿ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ಬಿಟ್ಟಿತು, ಅದೂ ಕಡ್ಡಿ ಸಮೇತ. ವಿಮರ್ಶಕರೂ ನಕ್ಕರು. ಜನ ನಗಲಿಲ್ಲ, ಕೊಂಡರು. 2012ರ ಅಕ್ಟೋಬರ್‌ನಲ್ಲಿ 7.9 ಇಂಚಿನ ಐಪ್ಯಾಡ್ ಮಿನಿ ಬಂತು. 2014ರಲ್ಲಿ 5.5 ಇಂಚಿನ ಐಫೋನ್ 6 ಪ್ಲಸ್ ಬಂತು. 2015ರಲ್ಲಿ ಆಪಲ್ ಪೆನ್ಸಿಲ್ ಎಂಬ ಹೆಸರಿನಲ್ಲಿ ಕಡ್ಡಿಯೂ ಬಂತು. 2014ರ ಇನ್ನೊಂದು ವಿಚಾರಣೆಯಲ್ಲಿ ಆಪಲ್‌ನ ಒಳಗಿನ ಒಂದು ಸ್ಲೈಡ್ ಕೋರ್ಟಿನ ಮುಂದೆ ಬಿತ್ತು. ಅದರ ತಲೆಬರಹದ ಅರ್ಥ ಇಷ್ಟೇ: ನಮ್ಮಲ್ಲಿ ಇಲ್ಲದ್ದು ಗ್ರಾಹಕರಿಗೆ ಬೇಕಾಗಿದೆ.

ಇಷ್ಟರವರೆಗೆ ನನಗೆ ತಕರಾರಿಲ್ಲ. ಕೊಳ್ಳುವವನಿಗೆ ಬೇಕಾದ್ದನ್ನು ಒಬ್ಬ ಕೊಟ್ಟ, ಇನ್ನೊಬ್ಬ ಮರ್ಯಾದೆ ನುಂಗಿಕೊಂಡು ಹಿಂಬಾಲಿಸಿದ. ಕನ್ನಡಕ ಹಾಕುವ ವಯಸ್ಸಿನವರು ಇವತ್ತು ಫೋನಿನಲ್ಲಿ ಪೇಪರ್ ಓದುತ್ತಿರುವುದು ಈ ನಕಲಿನ ಪುಣ್ಯದಿಂದ.

ತೊಂದರೆ ಇರುವುದು ಇನ್ನೊಂದು ಕಡೆ. 2016ರಲ್ಲಿ ಐಫೋನ್ 7ರಿಂದ ಇಯರ್‌ಫೋನ್ ಚುಚ್ಚುವ ತೂತು ಮಾಯವಾಯಿತು. ಆಪಲ್‌ನವರು ವೇದಿಕೆಯ ಮೇಲೆ ಅದನ್ನು ‘ಧೈರ್ಯ’ ಎಂದು ಕರೆದರು. ಅದೇ ವರ್ಷ ಗೂಗಲ್ ತನ್ನ ಪಿಕ್ಸೆಲ್ ಫೋನಿನ ಜಾಹೀರಾತಿನಲ್ಲಿ ನಮ್ಮಲ್ಲಿ ಆ ತೂತು ಇದೆ ಎಂದು ಚುಚ್ಚಿತು; ಮರುವರ್ಷದ ಪಿಕ್ಸೆಲ್ 2ರಲ್ಲಿ ತೂತು ಇರಲಿಲ್ಲ. ಸ್ಯಾಮ್‌ಸಂಗ್ ಇನ್ನೂ ಜೋರಾಗಿ ನಗುವ ಜಾಹೀರಾತುಗಳನ್ನು ಮಾಡಿತು. 2019ರ ನೋಟ್ 10ರಲ್ಲಿ ಅದೂ ತೂತು ಮುಚ್ಚಿತು, ಹಳೆಯ ಜಾಹೀರಾತುಗಳು ಯೂಟ್ಯೂಬ್‌ನಿಂದ ಸದ್ದಿಲ್ಲದೆ ಇಳಿದವು. 2020ರ ಅಕ್ಟೋಬರ್‌ನಲ್ಲಿ ಐಫೋನ್ 12ರ ಡಬ್ಬಿಯಿಂದ ಚಾರ್ಜರ್ ಹೋಯಿತು, ಪರಿಸರದ ಹೆಸರು ಹೇಳಿ. ನಮ್ಮದರ ಜೊತೆ ಚಾರ್ಜರ್ ಬರುತ್ತದೆ ಎಂದು ಸ್ಯಾಮ್‌ಸಂಗ್ ಫೇಸ್‌ಬುಕ್‌ನಲ್ಲಿ ಅಣಕಿಸಿತು. ಮೂರೇ ತಿಂಗಳು. 2021ರ ಜನವರಿಯ ಗ್ಯಾಲಕ್ಸಿ ಎಸ್21ರ ಡಬ್ಬಿಯಲ್ಲೂ ಚಾರ್ಜರ್ ಇರಲಿಲ್ಲ.

ಪೈಪೋಟಿ ಇದ್ದರೆ ಗಿರಾಕಿಗೆ ಲಾಭ ಎಂದು ಶಾಲೆಯ ಅರ್ಥಶಾಸ್ತ್ರ ಹೇಳಿಕೊಡುತ್ತದೆ. ಒಬ್ಬ ಕಿತ್ತುಕೊಂಡರೆ ಗಿರಾಕಿ ಇನ್ನೊಬ್ಬನ ಹತ್ತಿರ ಹೋಗುತ್ತಾನೆ ಎಂಬ ನಂಬಿಕೆ ಅದು. ಇನ್ನೊಬ್ಬನೂ ಕಿತ್ತುಕೊಳ್ಳಲು ತುದಿಗಾಲಲ್ಲಿ ಕಾಯುತ್ತಿದ್ದರೆ? ಒಬ್ಬ ಬೈಸಿಕೊಂಡು ದಾರಿ ಮಾಡಿದ, ಉಳಿದವರು ಬೈಸಿಕೊಳ್ಳದೆ ಅದೇ ದಾರಿಯಲ್ಲಿ ನಡೆದರು. ಬ್ಯಾಟರಿ ಬಿಚ್ಚುವ ಹಿಂಬದಿ ಮುಚ್ಚಳ ಹೋದದ್ದು, ಮೆಮೊರಿ ಕಾರ್ಡಿನ ಜಾಗ ಹೋದದ್ದು ಎಲ್ಲ ಹೀಗೆಯೇ. ಇನ್ನು, ಪೈಪೋಟಿಗೆ ಇಳಿದ ಎಲ್ಲರೂ ಒಬ್ಬರಿಗೊಬ್ಬರು ಹೊರಗಿನವರೂ ಅಲ್ಲ. ನಮ್ಮ ಅಂಗಡಿಗಳ ಬೋರ್ಡಿನಲ್ಲಿ ಬೇರೆ ಬೇರೆ ಬಣ್ಣದಲ್ಲಿ ಹೊಳೆಯುವ ಒಪ್ಪೊ, ವಿವೊ, ಒನ್‌ಪ್ಲಸ್, ರಿಯಲ್‌ಮಿ ನಾಲ್ಕರ ಬೇರೂ ಚೀನಾದ ಬಿಬಿಕೆ ಎಂಬ ಒಂದೇ ಮನೆತನಕ್ಕೆ ಹೋಗುತ್ತದೆ.

ಹಾಗಾದರೆ ಒಳ್ಳೆಯದು ಯಾವಾಗ ನಕಲಾಗುತ್ತದೆ? ಎದುರಾಳಿಯ ಗಲ್ಲಾಪೆಟ್ಟಿಗೆಗೆ ಪೆಟ್ಟು ಬಿದ್ದಾಗ. ಎರಡು ಸಿಮ್‌ನ ಫೋನು ನೆನಪಿಸಿಕೊಳ್ಳಿ. ಒಂದು ಸಿಮ್‌ನಲ್ಲಿ ಕರೆ ಅಗ್ಗ, ಇನ್ನೊಂದಕ್ಕೆ ಊರಿನಲ್ಲಿ ಸಿಗ್ನಲ್ ಚೆನ್ನ. ಜನ ಎರಡು ಸಿಮ್ ಇಟ್ಟುಕೊಂಡು ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆದು ಹಾಕುತ್ತಿದ್ದರು. ನೋಕಿಯಾ ನಮ್ಮನ್ನು ಅರಿಯದ ಕಂಪನಿಯೇನಲ್ಲ. ಧೂಳು ಹೋಗದ ಕೀಪ್ಯಾಡು, ತಲೆಯಲ್ಲಿ ಟಾರ್ಚು ಇಟ್ಟು 2003ರಲ್ಲಿ 1100 ಎಂಬ ಫೋನ್ ಮಾಡಿ ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಿದವರು. ಆದರೂ ಎರಡು ಸಿಮ್‌ನ ವಿಷಯದಲ್ಲಿ ಅವರು ತಡಮಾಡಿದರು. ಮೈಕ್ರೊಮ್ಯಾಕ್ಸ್‌ನಂಥ ನಮ್ಮವರೂ, ಹೆಸರಿಲ್ಲದ ಚೀನಾ ಸೆಟ್‌ಗಳೂ ಆ ಜಾಗಕ್ಕೆ ನುಗ್ಗಿದ ಮೇಲೆ ನೋಕಿಯಾ ಎಚ್ಚೆತ್ತಿತು. ಅಷ್ಟರಲ್ಲಿ ಮೇಲಿನಿಂದ ಐಫೋನ್ ಮತ್ತು ಆಂಡ್ರಾಯ್ಡ್, ಕೆಳಗಿನಿಂದ ಅಗ್ಗದ ಸೆಟ್‌ಗಳು ಅದನ್ನು ಹಿಂಡುತ್ತಿದ್ದವು. 2014ರಲ್ಲಿ ಅದರ ಫೋನ್ ವಿಭಾಗ ಮೈಕ್ರೋಸಾಫ್ಟ್ ಪಾಲಾಯಿತು, ಅದೇ ವರ್ಷ ಚೆನ್ನೈ ಹತ್ತಿರದ ಶ್ರೀಪೆರಂಬದೂರಿನ ದೊಡ್ಡ ಕಾರ್ಖಾನೆಗೆ ಬೀಗ ಬಿತ್ತು. ಆಪಲ್ ಎರಡು ಸಿಮ್‌ಗೆ ಮಣಿದದ್ದು 2018ರಲ್ಲಿ.

ಯಾರ ಗಲ್ಲಾಪೆಟ್ಟಿಗೆಗೂ ಪೆಟ್ಟು ಕೊಡದ ಒಳ್ಳೆಯ ವಿಚಾರದ ಗತಿ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮೊದಲಾದ ಪ್ರಾಧ್ಯಾಪಕರು ಎನ್ಕೋರ್ ಸಾಫ್ಟ್‌ವೇರ್ ಜೊತೆ ಸೇರಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರನ್ನು ರೂಪಿಸಿ 2001ರಲ್ಲಿ ಅದರ ಮಾದರಿಯನ್ನು ತೋರಿಸಿದರು. ಐಫೋನಿಗಿಂತ ಆರು ವರ್ಷ ಮೊದಲು. ಓದು ಬಾರದವರಿಗೆ ಪಠ್ಯವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳಬೇಕು, ಒಂದೇ ಯಂತ್ರವನ್ನು ಊರಿನ ಹಲವರು ತಮ್ಮ ತಮ್ಮ ಕಾರ್ಡು ಹಾಕಿ ಬಳಸಬೇಕು ಎನ್ನುವುದು ಅವರ ಎಣಿಕೆ. 2004ರಲ್ಲಿ ಬೆಂಗಳೂರಿನ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರಿನಲ್ಲಿ ಕೈಯ ಅಲುಗಾಟವನ್ನು ಗುರುತಿಸುವ ಸೆನ್ಸರ್ ಕೂಡ ಇತ್ತು. ನಮ್ಮ ಭೂದಾಖಲೆ ಕೆಲಸಕ್ಕೆ ರಾಜ್ಯ ಸರ್ಕಾರ ಒಂದಷ್ಟನ್ನು ಬಳಸಿತು. ಎಲ್ಲ ಸೇರಿ ಮಾರಾಟವಾದದ್ದು ನಾಲ್ಕು ಸಾವಿರದ ಆಸುಪಾಸು. ಅದರ ಬೆಲೆ ಹತ್ತು ಸಾವಿರದ ಹತ್ತಿರ ಮತ್ತು ಅದಕ್ಕೂ ಮೇಲಿತ್ತು, ಅಂಗಡಿ ಜಾಲ ಇರಲಿಲ್ಲ, ಅದರಲ್ಲಿ ಮಾಡಲು ದಿನನಿತ್ಯದ ಕೆಲಸ ಕಡಿಮೆ. ನೋಕಿಯಾಕ್ಕಾಗಲೀ ಬೇರೆ ಯಾರಿಗಾಗಲೀ ಅದರಿಂದ ಒಂದು ರಾತ್ರಿಯ ನಿದ್ದೆ ಕೆಡಲಿಲ್ಲ. ಹಾಗಾಗಿ ಯಾರೂ ಅದನ್ನು ಗೇಲಿ ಮಾಡಲಿಲ್ಲ, ನಕಲೂ ಮಾಡಲಿಲ್ಲ.

ಈಗ ಬೆಂಗಳೂರಿನ ಸುತ್ತ ಫೋನ್ ಕೆಲಸಕ್ಕೆ ಕೊರತೆಯಿಲ್ಲ. 2017ರಲ್ಲಿ ಪೀಣ್ಯದಲ್ಲಿ ಐಫೋನ್ ಎಸ್‌ಇ ಜೋಡಣೆ ಶುರುವಾಯಿತು. ಕೋಲಾರದ ನರಸಾಪುರದ ವಿಸ್ಟ್ರಾನ್ ಘಟಕವನ್ನು 2023ರಲ್ಲಿ ಟಾಟಾದವರು ಕೊಂಡರು. ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ಬಂದಿದೆ. ಸಾವಿರಾರು ಹೆಣ್ಣುಮಕ್ಕಳಿಗೆ ಸಂಬಳದ ಕೆಲಸ ಸಿಕ್ಕಿದೆ, ಅದು ಸಣ್ಣ ಮಾತಲ್ಲ. ಆದರೆ ತೂತು ಇರಬೇಕೋ ಬೇಡವೋ ಎಂದು ತೀರ್ಮಾನಿಸುವ ಮೇಜು ಅಲ್ಲಿಲ್ಲ.

ಕನ್ನಡದ ಅಕ್ಷರಗಳಿಗೂ ಇದೇ ಲೆಕ್ಕ ಅನ್ವಯಿಸಿತು. ಹಳೆಯ ಫೋನ್ ಇದ್ದವರಿಗೆ ನೆನಪಿರಬಹುದು: ಕನ್ನಡದ ಮೆಸೇಜು ಬಂದರೆ ಪರದೆಯ ಮೇಲೆ ಸಾಲಾಗಿ ಖಾಲಿ ಚೌಕಗಳು ಕಾಣುತ್ತಿದ್ದವು. ಆಂಡ್ರಾಯ್ಡ್‌ಗೆ ಕನ್ನಡ ಅಕ್ಷರ ಸರಿಯಾಗಿ ಬಂದದ್ದು 2012ರ 4.1ನೇ ಆವೃತ್ತಿಯಲ್ಲಿ. ಐಫೋನಿಗೆ ಆಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ, ಅಂದರೆ ಐಫೋನ್ ಹುಟ್ಟಿ ಹತ್ತು ವರ್ಷದ ಮೇಲೆ. ನಡುವೆ 2016ರಲ್ಲಿ ಕೇಂದ್ರ ಸರ್ಕಾರ ಒಂದು ಆದೇಶ ಹೊರಡಿಸಿತು: ಇಲ್ಲಿ ಮಾರುವ ಫೋನುಗಳಲ್ಲಿ ಸಂವಿಧಾನದ 22 ಭಾಷೆಗಳೂ ಓದಲು ಬರಬೇಕು; ಬರೆಯಲು ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದು ಭಾಷೆ ಇರಬೇಕು. ಆ ‘ಇನ್ನೊಂದು’ ಯಾವುದು ಎನ್ನುವುದು ಕಂಪನಿಗೆ ಬಿಟ್ಟದ್ದು.

ಪೈಪೋಟಿಯಿಂದ ಬಾರದ್ದನ್ನು ಕಾನೂನು ತರಬೇಕಾಗುತ್ತದೆ ಎಂದು ನಾನು ಒಪ್ಪಿಕೊಳ್ಳುವಂತಾದದ್ದು ಇಂಥವನ್ನು ನೋಡಿಯೇ. ಐಫೋನಿಗೆ ಬೇರೆಯವರ ಚಾರ್ಜರ್ ಹಾಕಲು ಬರುವಂತಾದದ್ದು ಎದುರಾಳಿಗಳ ಭಯದಿಂದಲ್ಲ. ಯುರೋಪಿಯನ್ ಒಕ್ಕೂಟ ಎಲ್ಲರೂ ಯುಎಸ್‌ಬಿ-ಸಿ ಪಿನ್ನನ್ನೇ ಇಡಬೇಕು ಎಂದು ಕಾಯಿದೆ ಮಾಡಿತು, 2024ರ ಡಿಸೆಂಬರ್ ಗಡುವಿಗೆ ಮೊದಲೇ, 2023ರ ಐಫೋನ್ 15ರಲ್ಲಿ ಆ ಪಿನ್ನು ಬಂತು. ಅಲ್ಲಿಗಾಗಿ ಬದಲಾದದ್ದು ಇಲ್ಲಿಗೂ ಬಂತು, ನಮ್ಮದೇನೂ ಖರ್ಚಿಲ್ಲದೆ. 2025ರ ಜೂನ್‌ನಿಂದ ಅಲ್ಲಿ ಇನ್ನೊಂದು ನಿಯಮ ಜಾರಿಯಲ್ಲಿದೆ: ಒಂದು ಮಾದರಿಯ ಮಾರಾಟ ನಿಂತ ಮೇಲೂ ಐದು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡಬೇಕು, ಬಿಡಿಭಾಗ ಏಳು ವರ್ಷ ಸಿಗಬೇಕು. 2027ರ ಫೆಬ್ರುವರಿಯಿಂದ ಬಳಸುವವನೇ ಬ್ಯಾಟರಿ ಬದಲಿಸಿಕೊಳ್ಳುವಂತಿರಬೇಕು ಎಂಬ ನಿಯಮವೂ ಕೆಲವು ವಿನಾಯಿತಿಗಳೊಂದಿಗೆ ಬರಲಿದೆ. ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕು’ ಪೋರ್ಟಲ್ ತೆರೆದಿದೆ. ಪೋರ್ಟಲ್ ಮಾಹಿತಿ ಕೊಡುತ್ತದೆ, ದಂಡ ಹಾಕುವುದಿಲ್ಲ.

ಹಾಗೆಂದು ಒಳ್ಳೆಯ ನಕಲು ನಿಂತೇ ಹೋಗಿದೆ ಎನ್ನಲಾರೆ. 2023ರ ಅಕ್ಟೋಬರ್‌ನಲ್ಲಿ ಗೂಗಲ್ ಪಿಕ್ಸೆಲ್ 8ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ಹೇಳಿತು. ಮೂರು ತಿಂಗಳಲ್ಲಿ ಸ್ಯಾಮ್‌ಸಂಗ್ ಎಸ್24ಕ್ಕೆ ಅದೇ ಏಳು ವರ್ಷದ ಮಾತು ಕೊಟ್ಟಿತು, ಈ ಸಲ ಗೇಲಿಯ ಶಾಸ್ತ್ರ ಮುಗಿಸದೆ. ಇವೆಲ್ಲ ದುಬಾರಿ ಫೋನುಗಳು. ಹದಿನೈದು ಸಾವಿರದೊಳಗಿನ ಫೋನು ಕೊಳ್ಳುವವನಿಗೆ ಅದೇ ಮಾತು ಸಿಗಬೇಕಾದರೆ ಅವನು ಕೇಳಬೇಕು. ಕೇಳುವವರು ಹೆಚ್ಚಿದರೆ ಮಾತ್ರ ಗಲ್ಲಾಪೆಟ್ಟಿಗೆಗೆ ಅದು ಮುಟ್ಟುತ್ತದೆ.

ನನ್ನ ಫೋನು ಆ ಸಂಜೆಯೇ ಸರಿಯಾಯಿತು. ಹೊಸ ಫೋಲ್ಡರ್ ಕೂರಿಸಿ, ಅಂಟು ಹಿಡಿಯಲೆಂದು ಸುತ್ತ ರಬ್ಬರ್ ಬ್ಯಾಂಡ್ ಬಿಗಿದು, ಒಂದು ಗಂಟೆ ತೆಗೀಬೇಡಿ ಸಾರ್ ಎಂದು ಹುಡುಗ ಕೈಗಿತ್ತ. ನೀವು ಮುಂದಿನ ಸಲ ಫೋನ್ ಕೊಳ್ಳಲು ಷೋರೂಮಿಗೆ ಹೋದಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ: ಅಪ್‌ಡೇಟ್ ಎಷ್ಟು ವರ್ಷ, ಬ್ಯಾಟರಿ ಬದಲಿಸಲು ಎಷ್ಟು, ಡಿಸ್‌ಪ್ಲೇ ಹೋದರೆ ಎಷ್ಟು. ಕೌಂಟರಿನವರಿಗೆ ಗೊತ್ತಿಲ್ಲದಿದ್ದರೆ ಕಂಪನಿಗೆ ಫೋನ್ ಮಾಡಿ ಕೇಳಿ ಹೇಳಲಿ, ನೀವು ಅಲ್ಲೇ ಕಾಯಿರಿ.